ಬೇಕಾದ್ರೆ ಸೀನಿಯರ್‌ನ ಕೇಳಿ

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಿದರೆ ಕಿವಿ ಕೆಂಪಾಗುತ್ತದೆ. ಚಿಕ್ಕಂದಿನಲ್ಲಿ ಅಮ್ಮ ಕಿವಿ ನೋಡಿಯೇ ನನ್ನನ್ನು ಹಿಡಿದು ಹಾಕುತ್ತಿದ್ದಳು. ಆದರೂ ಒಂದೇ ಒಂದು ಸುಳ್ಳನ್ನು ಮಾತ್ರ ಮೂರು ವರ್ಷದಿಂದ ಸಲೀಸಾಗಿ ಹೇಳಿಕೊಂಡು ಬಂದಿದ್ದೆ. "ನಮ್ಮ ಸರ್ ತಂದೆ ಸಮಾನ. ಕಣ್ಣು ಮುಚ್ಚಿಕೊಂಡು ಸೇರ್ಕೊಳ್ಳಿ."

ನಮ್ಮ ಸರ್ ಎಂದರೆ ಡಾಕ್ಟರ್ ಸದಾಶಿವಯ್ಯ. ಸಸ್ಯಶಾಸ್ತ್ರದ ಪ್ರೊಫೆಸರು, ವಿಭಾಗದ ಮುಖ್ಯಸ್ಥರು, ನನ್ನ ಪಿಎಚ್‌ಡಿ ಗೈಡು. ಯೂನಿವರ್ಸಿಟಿ ತುಮಕೂರಿನ ಆಸುಪಾಸಿನಲ್ಲೇ ಇದೆ, ಹೆಸರು ಬೇಡ. ಹೆಸರು ಬರೆಯುವಷ್ಟು ಧೈರ್ಯ ನನ್ನಲ್ಲಿದ್ದಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ. ನಾನು ಉಮಾಮಹೇಶ್ವರಿ, ಗುಬ್ಬಿಯವಳು, ವಯಸ್ಸು ಮೂವತ್ತೊಂದು. ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಬೆಳೆಯುವ ಕೆಂಪು ತೊಳೆಯ ಹಲಸಿನ ಮೇಲೆ ಆರು ವರ್ಷದಿಂದ ಸಂಶೋಧನೆ ಮಾಡುತ್ತಿದ್ದೇನೆ. ಇನ್ನೂರ ಹದಿನಾಲ್ಕು ಮರಗಳಿಗೆ ನಾನೇ ನಂಬರು ಬಳಿದಿದ್ದೇನೆ. ನಾಯಿ ಅಟ್ಟಿಸಿಕೊಂಡು ಬಂದ ತೋಟಗಳೆಷ್ಟು, ಬಿದ್ದು ತರಚಿಕೊಂಡ ಮೊಣಕಾಲೆಷ್ಟು, ಅದೆಲ್ಲ ಥೀಸಿಸ್ಸಿನಲ್ಲಿ ಬರುವುದಿಲ್ಲ.

ಹೊಸದಾಗಿ ಪಿಎಚ್‌ಡಿಗೆ ಸೇರಲು ಯಾರೇ ಬಂದರೂ ಸರ್ ತಮ್ಮ ಬಗ್ಗೆ ತಾವು ಏನೂ ಹೇಳಿಕೊಳ್ಳುವುದಿಲ್ಲ. "ನಾನ್ ಹೇಳಿದ್ರೆ ಚೆನ್ನಾಗಿರಲ್ಲ. ಬೇಕಾದ್ರೆ ಸೀನಿಯರ್‌ನ ಕೇಳಿ" ಎಂದು ಲ್ಯಾಬಿಗೆ ಕಳಿಸಿಬಿಡುತ್ತಾರೆ. ಕೇಳಿದವರಿಗೆ ಅದು ದೊಡ್ಡತನದ ಹಾಗೆ ಕಾಣುತ್ತದೆ. ನಾನು ಬಂದಾಗ ಸೀನಿಯರ್ ಆಗಿದ್ದವರು ಕೌಸಲ್ಯ ಮೇಡಂ. ಅವರು ಮೈಕ್ರೋಸ್ಕೋಪಿನ ಗಾಜು ಒರೆಸುತ್ತ, ನನ್ನ ಮುಖವನ್ನೇ ನೋಡದೆ, "ಸರ್ ತಂದೆ ಸಮಾನ" ಎಂದಿದ್ದರು. ಪಾಪ, ಕೆಲಸದ ಗಡಿಬಿಡಿ ಎಂದುಕೊಂಡೆ. ಪೆದ್ದಿ ನಾನು.

ಸರ್ ಬೈಯುವುದಿಲ್ಲ, ಕೂಗಾಡುವುದಿಲ್ಲ. ಬೈದಿದ್ದರೆ ಪರವಾಗಿರಲಿಲ್ಲ, ನಮ್ಮಪ್ಪನೂ ಬೈಯುತ್ತಿದ್ದರು. ಇವರು ಸುಮ್ಮನಾಗಿಬಿಡುತ್ತಾರೆ. ಫೋನೆತ್ತುವುದಿಲ್ಲ, ಎದುರು ನಿಂತರೆ ತಲೆಯೆತ್ತುವುದಿಲ್ಲ, ನಮ್ಮ ಕಾಗದಗಳು ಅವರ ಮೇಜಿನ ಡ್ರಾಯರಿನಲ್ಲಿ ಮಲಗಿಬಿಡುತ್ತವೆ. ಮುತ್ತುರಾಜ್ ಎಂಬುವನು ನನ್ನ ಜೊತೆಗೇ ಸೇರಿದವನು. ತನ್ನ ಲೇಖನವೊಂದು ಸರ್ ಅಳಿಯನ ಹೆಸರಿನಲ್ಲಿ ಅಚ್ಚಾಯಿತೆಂದು ಎಲ್ಲಿಯೋ ಒಂದು ಕಡೆ ಬಾಯಿಬಿಟ್ಟ. ನಾಲ್ಕನೇ ವರ್ಷದಲ್ಲಿ ಅವನ ವಿಷಯವೇ ಸರಿಯಿಲ್ಲವೆಂದು ಸರ್ ವರದಿ ಬರೆದರು. ಈಗ ಅವನು ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಉಪ್ಪಿನಕಾಯಿ ಬಾಟಲಿಗಳ ಮುಚ್ಚಳ ಪರೀಕ್ಷೆ ಮಾಡುತ್ತಾನೆ.

ನನ್ನ ಥೀಸಿಸ್ ಬರೆದು ಮುಗಿದಿತ್ತು. ಅದನ್ನು ಸಲ್ಲಿಸಲು ಗೈಡ್ ಸಹಿ ಮಾಡಿದ ಒಂದು ಪ್ರಮಾಣಪತ್ರ ಬೇಕು. ಒಂದೇ ಪುಟ. ಕಳೆದ ವರ್ಷ ಜುಲೈನಲ್ಲಿ ಟೈಪು ಮಾಡಿಸಿ ಸರ್ ಕೈಗೆ ಕೊಟ್ಟಿದ್ದೆ. "ನೋಡೋಣಮ್ಮ" ಎಂದವರು ಹನ್ನೊಂದು ತಿಂಗಳಿಂದ ನೋಡುತ್ತಲೇ ಇದ್ದರು. ನನಗಿದ್ದ ಕಡೆಯ ಗಡುವು ಈ ಜೂನ್ ಮೂವತ್ತು. ಅದು ದಾಟಿದರೆ ನನ್ನ ನೋಂದಣಿಯೇ ರದ್ದು, ಆರು ವರ್ಷವೂ ರದ್ದು. ಬೆಳಿಗ್ಗೆ ಎದ್ದ ಕೂಡಲೇ ಕ್ಯಾಲೆಂಡರಿನಲ್ಲಿ ಉಳಿದ ದಿನ ಎಣಿಸುತ್ತಿದ್ದೆ. ಭಯ ಎಂದರೆ ಭಯ, ಅದಕ್ಕೆ ಬೇರೆ ಹೆಸರಿಲ್ಲ.

ಅಂಥ ಜೂನ್ ತಿಂಗಳ ಕೊನೆಯ ಮಂಗಳವಾರ ಅಕ್ಷತಾ ಬಂದಳು. ಕುಣಿಗಲ್ಲಿನ ಹುಡುಗಿ, ಎಂಎಸ್‌ಸಿಯಲ್ಲಿ ಚಿನ್ನದ ಪದಕ. ಜೊತೆಗೆ ಅವಳಪ್ಪ ಷಡಕ್ಷರಿ. ಕುಣಿಗಲ್ ಪೇಟೆಯಲ್ಲಿ ಅವರಿಗೆ ಪೈಪು, ಪೇಂಟಿನ ಅಂಗಡಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು.

"ಮೇಡಮ್ನೋರೆ, ನಮ್ಮ ಹುಡ್ಗೀಗೆ ಎರಡು ಕಡೆ ಸೀಟ್ ಆಗ್ಯದೆ. ಇಲ್ಲೊಂದು, ಧಾರವಾಡದಲ್ಲೊಂದು. ಶುಕ್ರವಾರ ಸಾಯಂಕಾಲದೊಳಗೆ ಯಾವ್ದು ಅಂತ ಹೇಳ್ಬೇಕು. ಇಲ್ಲೇ ಆದ್ರೆ ದಿನಾ ಬಸ್ಸಲ್ಲಿ ಹೋಗಿ ಬರ್ತಾಳೆ. ಅದೂ ಅಲ್ದೆ ಸಾರೂ ನಮ್ಮ ಮಠದ ಭಕ್ತರಂತೆ, ಈಗ ತಾನೆ ಗೊತ್ತಾಯ್ತು. ಸಾರು ನಿಮ್ಮನ್ನ ಕೇಳಿ ಅಂದ್ರು."

"ಸರ್ ತಂದೆ ಸಮಾನ" ಎಂದೆ. ಅಭ್ಯಾಸ. ಬಾಯಿ ತಾನಾಗಿಯೇ ಹೇಳಿತು.

ಷಡಕ್ಷರಿಯವರಿಗೆ ಅಷ್ಟು ಸಾಕಾಯಿತು, ಕೈ ಮುಗಿದರು. ಅಕ್ಷತಾಗೆ ಸಾಕಾಗಲಿಲ್ಲ. "ನಿಮ್ದು ಯಾವಾಗ ಮುಗೀತದೆ ಮೇಡಂ?" ಎಂದಳು. "ಇನ್ನೇನು, ಸಹಿ ಒಂದಾದ್ರೆ ಮುಗೀತು" ಎಂದೆ. ಅವಳು ನನ್ನ ನಂಬರು ಬರೆದುಕೊಂಡು ಹೋದಳು. ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬಂತು. ಕಣ್ಣು ಮುಚ್ಚಿಕೊಂಡು ಸೇರು ಎಂದರೆ ಸೇರಬಾರದೇ? ನಾವೆಲ್ಲ ಸೇರಲಿಲ್ಲವೇ?

ಮಾರನೆಯ ದಿನ ಸರ್ ನನ್ನನ್ನು ಕರೆದರು. ಸಹಿಗೇನೋ ಎಂದು ಓಡಿದೆ. "ಉಮಾ, ಆ ಕುಣಿಗಲ್ ಕಡೆ ನೂರಾ ಆರನೇ ನಂಬರ್ ಮರ ಇದೆಯಲ್ಲ, ಅದರ ಹಣ್ಣು ನಮ್ಮನೆಯವರಿಗೆ ಬಹಳ ಇಷ್ಟ. ಬೀಗರು ಬರ್ತಾ ಇದಾರೆ, ಒಂದು ತಂದ್ಕೊಡಮ್ಮ" ಎಂದರು. ಪ್ರಮಾಣಪತ್ರದ ಮಾತೆತ್ತಲು ಬಾಯಿ ತೆರೆದೆ. ಅವರು ಆಗಲೇ ಕನ್ನಡಕ ಹಾಕಿಕೊಂಡು ಬೇರೇನೋ ಓದುತ್ತಿದ್ದರು. ಕುಣಿಗಲ್ ಬಸ್ಸು ಹತ್ತಿದೆ.

ಹಣ್ಣು ಕೀಳಿಸಿ, ಗೋಣಿಚೀಲದಲ್ಲಿ ಕಟ್ಟಿಸಿ, ಸೊಂಟಕ್ಕೆ ಆನಿಸಿಕೊಂಡು ಕುಣಿಗಲ್ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅಕ್ಷತಾ ಎದುರಾದಳು. ಅವರ ಮನೆ ಅಲ್ಲೇ ಹಿಂದಿನ ಬೀದಿ. ಬೇಡವೆಂದರೂ ಬಿಡದೆ ಚೀಲದ ಇನ್ನೊಂದು ಕಿವಿ ಹಿಡಿದುಕೊಂಡು ಮನೆಗೆ ಎಳೆದುಕೊಂಡು ಹೋದಳು. ಅಂಗಡಿ ಹೊತ್ತಾದ್ದರಿಂದ ಅವಳಪ್ಪ ಇರಲಿಲ್ಲ. ಅಜ್ಜಿ ಕಲ್ಲಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನವ್ವ ಇಷ್ಟು ಸೊರಗೀಯ, ಓದೋದು ಅಂದ್ರೆ ಉಪಾಸ ಬೀಳೋದಾ?" ಎಂದು ತಟ್ಟೆ ತುಂಬ ಉಪ್ಪಿಟ್ಟು ಹಾಕಿ ಕೊಟ್ಟು ಹಿತ್ತಲಿಗೆ ಹೋದರು.

"ಈ ಹಣ್ಣು ರಿಸರ್ಚ್‌ಗಾ ಮೇಡಂ?" ಎಂದಳು ಅಕ್ಷತಾ.

"ಅಲ್ಲ. ಸರ್ ಮನೆಗೆ. ಬೀಗರು ಬರ್ತಾರಂತೆ."

ಅವಳು ಚೀಲ ನೋಡಿದಳು, ನನ್ನ ಕೈಗೆ ಅಂಟಿದ ಮೇಣ ನೋಡಿದಳು. "ನಿನ್ನೆ ಅಪ್ಪ ಇದ್ರು, ಕೇಳಕ್ಕಾಗ್ಲಿಲ್ಲ. ನಿಮ್ಮ ಸ್ವಂತ ತಂಗಿ ಆಗಿದ್ರೆ ಇಲ್ಲಿ ಸೇರ್ಸ್ತಿದ್ರಾ?"

ಉಪ್ಪಿಟ್ಟು ಬಾಯಲ್ಲೇ ಉಳಿಯಿತು. ಸೇರಿಸುತ್ತಿದ್ದೆ ಎನ್ನಲು ಎರಡು ಸಲ ಪ್ರಯತ್ನಪಟ್ಟೆ. ಅಷ್ಟು ಅಕ್ಕರೆಯಿಂದ ಹೊರಗಿನವರು ಯಾರಾದರೂ ನನಗೆ ಬಡಿಸಿ ಎಷ್ಟೋ ದಿನವಾಗಿತ್ತು. ಅದೇ ತಪ್ಪಾಗಿ ಹೋಯಿತೋ ಏನೋ. ಎಲ್ಲ ಹೇಳಿಬಿಟ್ಟೆ. ಹನ್ನೊಂದು ತಿಂಗಳ ಸಹಿ, ಮುತ್ತುರಾಜನ ಲೇಖನ, ಸೇರಿದ ದಿನವೇ ಈಸಿಕೊಂಡು ತಮ್ಮ ಬೀರುವಿನಲ್ಲಿ ಇಟ್ಟುಕೊಂಡಿರುವ ನಮ್ಮ ಅಸಲು ಅಂಕಪಟ್ಟಿಗಳು, ಸರ್ ಮಗಳ ಮದುವೆಯಲ್ಲಿ ನಾನು ಪಾಯಸ ಬಡಿಸಿದ್ದು. ಹೇಳುತ್ತ ಹೇಳುತ್ತ ಅಳು ಬಂತು. ಹೇಳಿ ಮುಗಿಸಿದ ಮೇಲೆ ಅಳುವಿಗಿಂತ ದೊಡ್ಡದಾಗಿ ಹೆದರಿಕೆ ಬಂತು.

"ಅಕ್ಷತಾ, ಇದು ಯಾರಿಗೂ ಗೊತ್ತಾಗ್ಬಾರ್ದು ಕಣೇ. ಗೊತ್ತಾದ್ರೆ ನನ್ನ ಕಥೆ ಮುಗೀತು."

"ಯಾರಿಗ್ ಹೇಳ್ಲಿ ಮೇಡಂ" ಎಂದಳು. ನನ್ನನ್ನು ಬಸ್ಸಿಗೆ ಹತ್ತಿಸಿ, ಕಿಟಕಿಯಿಂದ ಚೀಲ ಒಳಗೆ ಕೊಟ್ಟಳು. ಆ ಸಾಯಂಕಾಲವೇ ಹಣ್ಣನ್ನು ಸರ್ ಮನೆಗೆ ಮುಟ್ಟಿಸಿದೆ.

ಯಾರಿಗೂ ಎಂದರೆ ಅಪ್ಪನಿಗೂ ಎಂದು ಅವಳಿಗೆ ಹೊಳೆಯಲಿಲ್ಲ. ಅವಳನ್ನು ಬೈದು ಏನು ಪ್ರಯೋಜನ? ಆ ಮನೆಯಲ್ಲಿ ಅಪ್ಪನಿಗೆ ಹೇಳದ ಸಂಗತಿ ಎಂದು ಒಂದಿರಬಹುದೆಂದೇ ಅವಳಿಗೆ ಗೊತ್ತಿರಲಿಲ್ಲ. ಇನ್ನು ಷಡಕ್ಷರಿಯವರು ಯಾವ ಥರದ ಮನುಷ್ಯರು ಎಂದು ನನಗೆ ಗೊತ್ತಿರಲಿಲ್ಲ. ಅವರು ಮಠದಲ್ಲಿ ರಾಜಿ ಮಾಡಿಸುವವರಂತೆ. ಅಣ್ಣತಮ್ಮಂದಿರ ಪಾಲಿನ ಜಗಳ, ಅತ್ತೆ ಸೊಸೆ ಮನಸ್ತಾಪ, ಏನೇ ಬರಲಿ, ಇಬ್ಬರನ್ನೂ ಎದುರಾಬದುರು ಕೂರಿಸಿ, ಮಧ್ಯೆ ಹಣ್ಣು ತಾಂಬೂಲ ಇಟ್ಟು, ಮನಸ್ಸಿನಲ್ಲಿದ್ದದ್ದನ್ನೆಲ್ಲ ಆಡಿಸಿ, ಕೊನೆಗೆ ಒಬ್ಬರ ಕೈಯಿಂದ ಒಬ್ಬರಿಗೆ ತಾಂಬೂಲ ಕೊಡಿಸಿ ಕಳಿಸುತ್ತಾರೆ. ಮೂವತ್ತು ವರ್ಷದಿಂದ ಅದು ಕೈಕೊಟ್ಟಿದ್ದೇ ಇಲ್ಲವಂತೆ.

ಗುರುವಾರ ಸಾಯಂಕಾಲ ಗುಬ್ಬಿಯ ಮನೆಯಲ್ಲಿ ಹೂವು ಕಟ್ಟುತ್ತ ಕೂತಿದ್ದೆ. ಅವರ ಫೋನು ಬಂತು. ದನಿಯಲ್ಲಿ ಖುಷಿಯೋ ಖುಷಿ.

"ತಾಯಿ, ಮಗಳು ಎಲ್ಲಾ ಹೇಳಿದ್ಲು. ನೀವೇನೂ ಯೋಚ್ನೆ ಮಾಡ್ಬೇಡಿ. ನಾನು ಸಾರ್‌ಗೆ ಫೋನ್ ಮಾಡಿ ಮಾತಾಡಿದೀನಿ."

ದಾರ ಬೆರಳಿಗೆ ಬಿಗಿಯಿತು. "ಏನ್ ಮಾತಾಡಿದ್ರಿ?"

"ಹಿಂಗಿಂಗೆ, ನಿಮ್ಮ ಸ್ಟೂಡೆಂಟು ಮನಸಲ್ಲಿ ಏನೋ ಇಟ್ಕೊಂಡವ್ರೆ, ನಾಳೆ ಹತ್ತು ಗಂಟೆಗೆ ಎಲ್ರೂ ಕೂತ್ಕೊಂಡು ಬಗೆಹರಿಸ್ಕೊಳ್ಳೋವ ಅಂದೆ. ಆಗ್ಲಿ ಬನ್ನಿ, ಉಮಾನೂ ಬರ್ಲಿ ಅಂದ್ರು. ಎಂಥ ದೊಡ್ಡ ಮನ್ಸ ತಾಯಿ ಅವ್ರದು. ಒಂದು ಮಾತು ಕೋಪ ಮಾಡ್ಕೊಳ್ಳಿಲ್ಲ."

ಅವರು ಫೋನಿಟ್ಟರು. ಕೋಪ ಮಾಡಿಕೊಳ್ಳಲಿಲ್ಲವಂತೆ. ಎಲ್ಲಿ ಮಾಡಿಕೊಳ್ಳುತ್ತಾರೆ? ಮುತ್ತುರಾಜನ ಮೇಲೂ ಮಾಡಿಕೊಂಡಿರಲಿಲ್ಲ. ಆ ಒಳ್ಳೆಯ ಮನುಷ್ಯನನ್ನು ನಾನು ಮನಸ್ಸಿನಲ್ಲೇ ಬಾಯಿಗೆ ಬಂದ ಹಾಗೆ ಬೈದೆ. ನನ್ನನ್ನು ಅದಕ್ಕಿಂತ ಹೆಚ್ಚು ಬೈದುಕೊಂಡೆ. ಅಮ್ಮ ಏನಾಯಿತೆಂದು ಕೇಳಿ ತಿಳಿದುಕೊಂಡು, ಹೂವಿನ ತಟ್ಟೆ ಪಕ್ಕಕ್ಕೆ ಸರಿಸಿದಳು. "ನೋಡು, ಕಾಲಿಗೆ ಬೀಳು ಅಂದ್ರೆ ಬೀಳು. ಹೇಳೇ ಇಲ್ಲ ಅಂತ ಸಾಧಿಸ್ಬುಡು. ಮೊದ್ಲು ಸಹಿ ಹಾಕಿಸ್ಕೊ, ಆಮೇಲೆ ಸತ್ಯವಂತಳಾಗು" ಎಂದಳು. ಹಾಗೇ ಮಾಡುತ್ತೇನೆ ಎಂದೆ. ಮಾಡಬೇಕೆಂದೇ ಇದ್ದೆ.

ಶುಕ್ರವಾರ ಬೆಳಿಗ್ಗೆ ಗುಬ್ಬಿಯಿಂದ ತುಮಕೂರಿನ ತನಕ ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದುಕೊಂಡೇ ಬಂದೆ. ಪಕ್ಕದ ಹೆಂಗಸು ಜ್ವರವೇನಮ್ಮ ಎಂದು ಕೇಳಿದಳು. ಹೌದು ಎಂದೆ.

ಸರ್ ಕೋಣೆಯಲ್ಲಿ ಆಗಲೇ ಎಲ್ಲರೂ ಇದ್ದರು. ಮೇಜಿನ ಮೇಲೆ ಷಡಕ್ಷರಿಯವರು ತಂದ ಸ್ಟೀಲ್ ತಟ್ಟೆ, ಅದರಲ್ಲಿ ಬಾಳೆಹಣ್ಣು, ಎಲೆ ಅಡಿಕೆ, ತೆಂಗಿನಕಾಯಿ. ಅಕ್ಷತಾ ತುದಿಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅಪ್ಪ ಇಷ್ಟು ದೂರ ತಂದುಬಿಡುತ್ತಾನೆಂದು ಅವಳಿಗೂ ಗೊತ್ತಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

"ಬಾಮ್ಮ ಉಮಾ, ಕೂತ್ಕೊ" ಎಂದರು ಸರ್. ಆರು ವರ್ಷದಲ್ಲಿ ಆ ಕೋಣೆಯಲ್ಲಿ ನನಗೆ ಕೂತ್ಕೊ ಎಂದಿದ್ದು ಅದೇ ಮೊದಲು. ಕೂತೆ.

ಷಡಕ್ಷರಿಯವರು ಗಂಟಲು ಸರಿಮಾಡಿಕೊಂಡರು. "ಸಾರ್, ಮುಚ್ಚಿಟ್ಕೊಳ್ಳೋದು ಬ್ಯಾಡ. ಈ ಮಗೀಗೆ ಒಂದು ಸಹಿ ಹನ್ನೊಂದು ತಿಂಗ್ಳಿಂದ ಆಗಿಲ್ವಂತೆ. ಮಾರ್ಕ್ಸ್ ಕಾರ್ಡೆಲ್ಲ ನಿಮ್ ತಾವೇ ಅವಂತೆ. ಹಣ್ಣು ಹೊರ್ಸ್ತೀರಿ ಅಂತಾನೂ ಒಂಚೂರು ಬೇಜಾರಿದೆ. ನೀವು ದೊಡ್ಡೋರು, ಹೊಟ್ಟೆಗೆ ಹಾಕ್ಕೊಂಡು, ಇವತ್ತು ಎಲ್ಲ ತೊಳೆದ್ ಬುಡಿ. ನನ್ನ ಮಗಳೂ ಧೈರ್ಯವಾಗಿ ಸೇರ್ಕೊತಾಳೆ."

ಸರ್ ಮುಖದಲ್ಲಿದ್ದ ನಗು ಇದ್ದ ಹಾಗೇ ಇತ್ತು. ನನ್ನ ಕಡೆ ತಿರುಗಿದರು. "ಹಂಗಂದ್ಯೇನಮ್ಮ?"

ಅಷ್ಟೇ ಕೇಳಿದ್ದು. ಆ ಕ್ಷಣದಲ್ಲಿ ನನಗೆ ನಿಜ, ಸುಳ್ಳು ಒಂದೂ ಬೇಕಿರಲಿಲ್ಲ, ಅಲ್ಲಿಂದ ಎದ್ದು ಹೋದರೆ ಸಾಕಾಗಿತ್ತು.

"ಇಲ್ಲ ಸರ್. ನಾನ್ ಹಂಗೆ ಹೇಳ್ಲಿಲ್ಲ. ಅಕ್ಷತಾ ತಪ್ ತಿಳ್ಕೊಂಡಿದಾಳೆ."

ಅಕ್ಷತಾ ತಲೆಯೆತ್ತಿ ನನ್ನನ್ನು ನೋಡಿದಳು. ಸಿಟ್ಟು ಮಾಡಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳಿಗೆ ನನ್ನ ಮೇಲೆ ಕನಿಕರ ಬಂದಿತ್ತು. ನನಗೆ ನಾಚಿಕೆಯಿಂದ ಸತ್ತು ಹೋಗುವ ಹಾಗಾಯಿತು.

"ಅಷ್ಟೇನಾ?" ಎಂದು ಷಡಕ್ಷರಿಯವರು ಉಸಿರು ಬಿಟ್ಟರು. "ಹುಡ್ಗಿ ಬುದ್ಧಿ ಸಾರ್, ಏನೋ ಕೇಳಿಸ್ಕೊಂಡು ಏನೋ ಅಂದ್ಕೊಂಡವ್ಳೆ. ತಪ್ಪಾಯ್ತು."

"ಇರ್ಲಿ ಬಿಡಿ" ಎಂದು ಸರ್ ಡ್ರಾಯರಿನ ಬೀಗ ತೆಗೆದು ನನ್ನ ಪ್ರಮಾಣಪತ್ರ ಹೊರಗೆ ತೆಗೆದರು. ಎಲ್ಲಿಟ್ಟಿದ್ದೇನೆಂದು ಹುಡುಕಲೂ ಇಲ್ಲ. ಪೆನ್ನೆತ್ತಿ ಸಹಿ ಮಾಡಿದರು. ಒಂದು ಕೆಮ್ಮು ಕೆಮ್ಮುವಷ್ಟು ಹೊತ್ತು ಹಿಡಿಯಲಿಲ್ಲ. "ಇದಕ್ಕೆ ಬೇಜಾರಾ ಉಮಾ? ಕೇಳಿದ್ರೆ ಅವತ್ತೇ ಹಾಕ್ಕೊಡ್ತಿದ್ನಲ್ಲ."

ಸಹಿ ನೋಡಿ ನನಗೆ ಸಂತೋಷವಾಯಿತು. ಹೌದು, ಆಯಿತು. ಎದೆ ಹಗುರಾಗಿ, ಗುಬ್ಬಿಗೆ ಹೋಗಿ ಅಮ್ಮನಿಗೆ ಹೇಳುವುದನ್ನು ಕೂಡ ಯೋಚಿಸಿಬಿಟ್ಟೆ. ಕೈ ಚಾಚಿದೆ. ಸರ್ ಕಾಗದವನ್ನು ತಮ್ಮ ಮುಂದೆಯೇ ಇಟ್ಟುಕೊಂಡು, ವಿಭಾಗದ ಸೀಲು ಮತ್ತು ಶಾಯಿಯ ಡಬ್ಬಿ ತೆಗೆದರು. ಇನ್ನೊಂದು ಕೈಯಿಂದ ಸೇರ್ಪಡೆಯ ಫಾರಮ್ಮನ್ನು ಅಕ್ಷತಾಳ ಕಡೆ ತಳ್ಳಿದರು.

"ಮೊದ್ಲು ನೀನ್ ಸೈನ್ ಮಾಡಮ್ಮ. ಎರಡಕ್ಕೂ ಒಟ್ಟಿಗೇ ಸೀಲ್ ಹಾಕ್ಬಿಡ್ತೀನಿ."

"ಹಾಕವ್ವ, ಒಳ್ಳೆ ಘಳಿಗೆ ಅದೆ" ಎಂದರು ಅವಳಪ್ಪ.

ಅಕ್ಷತಾ ಪೆನ್ನು ತೆಗೆದಳು. ಮೂರು ಕಡೆ ಸಹಿ ಮಾಡಬೇಕು, ಮೊದಲನೆಯದರ ಮೇಲೆ ಪೆನ್ನು ಇಟ್ಟಳು. ಇಟ್ಟವಳು ಹಾಗೇ ನಿಲ್ಲಿಸಿ, ಸರ್ ಮುಂದಿದ್ದ ನನ್ನ ಕಾಗದದ ಕಡೆ ನೋಡಿದಳು.

"ಮೇಡಂ, ಆ ಕಾಗದದ್ ಮೇಲೆ ಹೋದ್ ವರ್ಷ ಜುಲೈ ಅಂತ ಟೈಪ್ ಆಗ್ಯದೆ. ಮಿಕ್ಕಿದ್ದೆಲ್ಲ ಬಿಡಿ. ನೀವು ಸಾರ್‌ನ ಕೇಳಿದ್ದು ಯಾವಾಗ? ಇದೊಂದು ಹೇಳ್ಬಿಡಿ, ನಾನ್ ಸೈನ್ ಮಾಡ್ತೀನಿ."

ಸರ್ ನನ್ನನ್ನು ನೋಡಲಿಲ್ಲ. ಸೀಲನ್ನು ಶಾಯಿಗೆ ಒತ್ತಿದರು, ಎತ್ತಿದರು, ಮತ್ತೆ ಒತ್ತಿದರು. ನನಗಾಗಿಯೇ ಕಾಯುತ್ತಿದ್ದರು. ನಿನ್ನೆ ಮೊನ್ನೆ ಎಂದುಬಿಟ್ಟರೆ ಮುಗಿಯಿತು. ಒಂದು ಮಾತು. ಮೂರು ವರ್ಷದಿಂದ ಎಷ್ಟು ಜನರಿಗೆ ಸುಳ್ಳು ಹೇಳಿಲ್ಲ?

ನನಗೆ ಧೈರ್ಯ ಬಂತೆಂದು ಯಾರೂ ತಿಳಿಯಬೇಡಿ. ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು. ಅವಳು ಸಹಿ ಮಾಡಿದರೆ ಐದಾರು ವರ್ಷದಲ್ಲಿ ಈ ಕುರ್ಚಿಯಲ್ಲಿ ಅವಳು ಕೂತಿರುತ್ತಾಳೆ, ಹೀಗೇ ಕಾಲು ಕುಣಿಸುತ್ತ. ಅದಕ್ಕೆ ಸಾಕ್ಷಿಯಾಗಿ ನನ್ನ ಕಾಗದ ಎಲ್ಲೋ ಒಂದು ಫೈಲಿನಲ್ಲಿ ಇರುತ್ತದೆ, ನನಗೆ ಅದರಿಂದ ಡಾಕ್ಟರೇಟ್ ಬಂದಿರುತ್ತದೆ. ಅದನ್ನು ನೆನೆದು ಇನ್ನೊಂದು ಥರದ ಭಯವಾಯಿತು, ಇದಕ್ಕಿಂತ ಸ್ವಲ್ಪ ದೊಡ್ಡದು.

"ಹೋದ ಜುಲೈಯಿಂದ ಪ್ರತಿ ವಾರ ಕೇಳಿದೀನಿ" ಎಂದೆ. ಅಕ್ಷತಾಳ ಕಡೆ ತಿರುಗಿದೆ. "ಕುಣಿಗಲ್ಲಲ್ಲಿ ನಿಂಗೆ ಹೇಳಿದ್ದೆಲ್ಲ ನಿಜ. ಈಗ ಇಲ್ಲ ಅಂದಿದ್ದು ಸುಳ್ಳು. ನೀನು ಧಾರವಾಡಕ್ಕೆ ಹೋಗು ಅಕ್ಷತಾ."

ಅಕ್ಷತಾ ಪೆನ್ನಿನ ಕ್ಯಾಪು ಹಾಕಿ, ತನ್ನ ಫೈಲು ಎತ್ತಿಕೊಂಡು ಎದ್ದಳು. ಷಡಕ್ಷರಿಯವರು ಒಮ್ಮೆ ಸರ್ ಮುಖ, ಒಮ್ಮೆ ನನ್ನ ಮುಖ ನೋಡಿದರು. ಇಬ್ಬರನ್ನು ಕೂರಿಸಿದ್ದು ಅವರೇ, ಈಗ ಎಬ್ಬಿಸುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. "ಬರ್ತೀವಿ ಸಾರ್" ಎಂದು ಅಭ್ಯಾಸಬಲದಿಂದ ಕೈ ಮುಗಿದು, ತಟ್ಟೆ ಅಲ್ಲೇ ಬಿಟ್ಟು, ಮಗಳ ಹಿಂದೆ ಹೊರಟರು. ಬಾಗಿಲ ಹತ್ತಿರ ನಿಂತು ನನ್ನ ಕಡೆ ತಿರುಗಿ, "ತಪ್ಪು ಮಾಡ್ಬುಟ್ಟೆ ತಾಯಿ" ಎಂದರು. ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲಿಗೆ ಇಳಿದು ಹೋಯಿತು.

ಸರ್ ಸೀಲನ್ನು ಬಟ್ಟೆಯಲ್ಲಿ ಒರೆಸಿ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. ಸಹಿಯಾದ ನನ್ನ ಕಾಗದ ಮೇಜಿನ ಮೇಲೇ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಸೀಲಿಲ್ಲದೆ ಅದನ್ನು ಆಫೀಸಿನಲ್ಲಿ ಯಾರೂ ಮುಟ್ಟುವುದಿಲ್ಲ.

"ಬಾಗ್ಲು ಹಾಕಿ ಬಾಮ್ಮ, ಮಾತಾಡೋಣ" ಎಂದರು. ಅದೇ ಮೆತ್ತನೆಯ ದನಿ.

ಎದ್ದೆ. ಕಾಗದ ಅಲ್ಲೇ ಬಿಟ್ಟು ಬಾಗಿಲ ತನಕ ಹೋದೆ. ಹೊರಗೆ ನಿಂತು ಬಾಗಿಲು ಹಾಕಿದೆ.

ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಒಳಗಿನಿಂದ ನನ್ನ ಹೆಸರು ಕೇಳಿಸಿತು, ಒಂದು ಸಲ, ಮೆಲ್ಲಗೆ. ಆಮೇಲೆ ಇನ್ನೊಂದು ಸಲ. ನಾನು ಏಳಲಿಲ್ಲ.